ಚರ್ಚಿನ ಹಳೆಯ ಪುಸ್ತಕಗಳು ಮತ್ತು ವಂಶದ ಹುಡುಕಾಟ: ಅಡ್ಡಿ ಇರುವುದು ಎಲ್ಲಿ?

ಕಥೋಲಿಕ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳ ಬಗ್ಗೆ ಕೆಲವು ವರ್ಷಗಳಿಂದ ಯುರೋಪಿನಿಂದ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಧರ್ಮಸಭೆಯನ್ನು ತೊರೆದ ವ್ಯಕ್ತಿಯೊಬ್ಬರು ಪುಸ್ತಕದಿಂದ ತಮ್ಮ ಹೆಸರನ್ನು ಅಳಿಸಬೇಕೆಂದು ಕೇಳಿದಾಗ ಬೆಲ್ಜಿಯಂನ ದತ್ತಾಂಶ ರಕ್ಷಣಾ ಪ್ರಾಧಿಕಾರವು 2023ರ ಡಿಸೆಂಬರ್‌ನಲ್ಲಿ ಅವರ ಪರವಾಗಿ ಘೆಂಟ್ ಧರ್ಮಪ್ರಾಂತಕ್ಕೆ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) ಆದೇಶ ನೀಡಿತು. ಧರ್ಮಪ್ರಾಂತವು ಮೇಲ್ಮನವಿ ಸಲ್ಲಿಸಿತು. ಅದೇ ವರ್ಷ ಐರ್ಲೆಂಡ್‌ನ ಪ್ರಾಧಿಕಾರವು ಡಬ್ಲಿನ್ ಮಹಾಧರ್ಮಪ್ರಾಂತದ ವಿಷಯದಲ್ಲಿ ಇದಕ್ಕೆ ವಿರುದ್ಧವಾಗಿ, ಪುಸ್ತಕವನ್ನು ಉಳಿಸಿಕೊಳ್ಳುವುದು ಕಾನೂನುಬದ್ಧವೆಂದು ತೀರ್ಮಾನಿಸಿತ್ತು. 2024ರ ಫೆಬ್ರವರಿಯಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯವೂ ಹೆಸರು ಅಳಿಸಬೇಕಿಲ್ಲ, ವ್ಯಕ್ತಿ ಸಭೆಯನ್ನು ತೊರೆದಿದ್ದಾರೆಂದು ಅಂಚಿನಲ್ಲಿ ಬರೆದರೆ ಸಾಕು ಎಂದಿತು. ಇತ್ತ ಭಾರತದಲ್ಲಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ.

ಈ ಸುದ್ದಿಗಳನ್ನು ಒಟ್ಟಿಗೆ ಓದಿದ, ತಮ್ಮ ವಂಶದ ಮೂಲವನ್ನು ಹುಡುಕುವ ಹವ್ಯಾಸವಿರುವವರಿಗೆ ಸಹಜವಾಗಿಯೇ ಒಂದು ಆತಂಕ ಹುಟ್ಟುತ್ತದೆ: ಮುತ್ತಜ್ಜನ ದೀಕ್ಷಾಸ್ನಾನದ ನಮೂದನ್ನು ತೋರಿಸಿ ಎಂದು ಕೇಳಿದರೆ, ಖಾಸಗಿತನದ ಕಾನೂನಿನ ಹೆಸರಿನಲ್ಲಿ ಚರ್ಚು ಬಾಗಿಲು ಹಾಕಬಹುದೇ? ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತುಹೋಗಿವೆ. ಬದುಕಿರುವವರ ಹೆಸರು ಪುಸ್ತಕದಲ್ಲಿ ಇರಬೇಕೇ ಎಂಬುದು ಒಂದು. ಸತ್ತುಹೋದವರ ಪುಸ್ತಕವನ್ನು ಯಾರು ನೋಡಬಹುದು ಎಂಬುದು ಇನ್ನೊಂದು. ಯುರೋಪಿನ ಹೊಸ ವ್ಯಾಜ್ಯಗಳು ಮೊದಲನೆಯದಕ್ಕೆ ಸೇರಿದವು. ವಂಶಾವಳಿ ಹುಡುಕುವವರಿಗೆ ಎದುರಾಗುವ ಅಡ್ಡಿ ಎರಡನೆಯದರಲ್ಲಿದೆ; ಅದರ ಬೇರು ದತ್ತಾಂಶ ಕಾನೂನಿಗಿಂತ ಶತಮಾನಗಳಷ್ಟು ಹಳೆಯದು.

ಪುಸ್ತಕ ಹುಟ್ಟಿದ ಕಾರಣ

ಧರ್ಮಕೇಂದ್ರಗಳ, ಎಂದರೆ ಒಂದೊಂದು ಊರಿನ ಚರ್ಚು ಮತ್ತು ಅದಕ್ಕೆ ಸೇರಿದ ಜನರ, ದಾಖಲೆಪುಸ್ತಕಗಳು ಇತಿಹಾಸಕ್ಕಾಗಿ ಹುಟ್ಟಿದವಲ್ಲ. ಗುಟ್ಟಾಗಿ ಮದುವೆಯಾಗಿ ಆಮೇಲೆ ಅದನ್ನು ಅಲ್ಲಗಳೆಯುವುದು, ನಿಷಿದ್ಧ ಸಂಬಂಧಗಳೊಳಗೆ ಮದುವೆಯಾಗುವುದು, ಇವೆರಡನ್ನು ತಡೆಯಲು ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆಯು 1563ರಲ್ಲಿ ಪ್ರತಿ ಧರ್ಮಗುರುವೂ ವಧೂವರರ ಮತ್ತು ಸಾಕ್ಷಿಗಳ ಹೆಸರನ್ನು, ಮದುವೆಯ ದಿನ ಮತ್ತು ಸ್ಥಳವನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಜ್ಞಾನ ತಂದೆ-ತಾಯಿಯರೊಂದಿಗೂ (ದೀಕ್ಷಾಸ್ನಾನದಲ್ಲಿ ಮಗುವಿನ ಪರ ನಿಲ್ಲುವವರು) ಮದುವೆಗೆ ಅಡ್ಡಿಯಾಗುವ ನಂಟು ಏರ್ಪಡುತ್ತದೆಂಬ ನಂಬಿಕೆಯಿದ್ದುದರಿಂದ ದೀಕ್ಷಾಸ್ನಾನದಲ್ಲಿ ಅವರ ಹೆಸರನ್ನೂ ಬರೆಯಬೇಕಾಯಿತು. 1614ರಲ್ಲಿ ಹೊರಬಂದ ರೋಮಿನ ವಿಧಿಗ್ರಂಥವು ದೀಕ್ಷಾಸ್ನಾನ, ದೃಢೀಕರಣ, ಮದುವೆ ಮತ್ತು ಮರಣದ ಪುಸ್ತಕಗಳಿಗೆ ಧರ್ಮಕೇಂದ್ರದ ಮನೆಮನೆಯ ಜನರ ಪಟ್ಟಿಯನ್ನೂ ಸೇರಿಸಿ ಒಟ್ಟು ಐದು ಪುಸ್ತಕಗಳನ್ನು ನಿಗದಿ ಮಾಡಿತು.

ಇಂದಿನ ವಾದಕ್ಕೆ ನೇರವಾಗಿ ಸಂಬಂಧಿಸಿದ, ಆದರೆ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಒಂದು ಬದಲಾವಣೆ 1908ರಲ್ಲಿ ಜಾರಿಗೆ ಬಂತು. ಅಂದಿನಿಂದ, ಒಬ್ಬರ ಮದುವೆ ಎಲ್ಲೇ ನಡೆದರೂ ಅದರ ಸೂಚನೆಯನ್ನು ಅವರು ದೀಕ್ಷಾಸ್ನಾನ ಪಡೆದ ಚರ್ಚಿಗೆ ಕಳುಹಿಸಿ, ಹಳೆಯ ನಮೂದಿನ ಅಂಚಿನಲ್ಲಿ ಬರೆಸುವುದು ಕಡ್ಡಾಯವಾಯಿತು. ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ಕಾನೂನು ಸಂಹಿತೆಯ 535ನೇ ವಿಧಿಯೂ ದೃಢೀಕರಣ, ಮದುವೆ, ಗುರುದೀಕ್ಷೆ ಮುಂತಾದವನ್ನು ಹೀಗೆ ಸೇರಿಸಲು ಹೇಳುತ್ತದೆ. ಇದರ ಪರಿಣಾಮವೆಂದರೆ, 19ನೇ ಶತಮಾನದ ಪುಟವೊಂದು ಒಂದು ದಿನದ ಘಟನೆಯನ್ನಷ್ಟೇ ಹೇಳಿದರೆ, 20ನೇ ಶತಮಾನದ ಪುಟವು ಒಬ್ಬ ವ್ಯಕ್ತಿಯ ಬದುಕಿನ ಕಿರು ಕಡತವೇ ಆಗಿರುತ್ತದೆ. ಮದುವೆ ಅಸಿಂಧುವಾದದ್ದೂ ಅಲ್ಲಿ ದಾಖಲಾಗಿರಬಹುದು. ಹೊಸ ಪುಸ್ತಕಗಳ ವಿಷಯದಲ್ಲಿ ಚರ್ಚುಗಳು ಹಿಂಜರಿಯುವುದಕ್ಕೆ ನಿಜವಾದ ಕಾರಣವಿದೆ ಎಂಬುದನ್ನು ಒಪ್ಪಲೇಬೇಕು. ಆ ಕಾರಣ ಹಳೆಯ ಪುಸ್ತಕಗಳಿಗೆ ಅನ್ವಯಿಸುವುದಿಲ್ಲ ಎಂಬುದೂ ಅಷ್ಟೇ ನಿಜ.

ಯಾರ ಕೆಲಸಕ್ಕಾಗಿ ಬರೆದದ್ದು?

ಒಂದೇ ಧರ್ಮಸಭೆಯ, ಒಂದೇ ಮಾದರಿಯ ಪುಸ್ತಕಗಳು ಒಂದು ದೇಶದಲ್ಲಿ ಸರ್ಕಾರಿ ಪತ್ರಾಗಾರದಲ್ಲಿ ಎಲ್ಲರಿಗೂ ಸಿಗುತ್ತವೆ. ಇನ್ನೊಂದು ದೇಶದಲ್ಲಿ ಧರ್ಮಗುರುಗಳ ಕಚೇರಿಯ ಕಪಾಟಿನಲ್ಲಿರುತ್ತವೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬಿಷಪರ ಔದಾರ್ಯವಾಗಲಿ ಜಿಪುಣತನವಾಗಲಿ ಅಲ್ಲ. ಪುಸ್ತಕ ಬರೆಯುವಾಗ ಧರ್ಮಗುರು ಪ್ರಭುತ್ವದ ಕೆಲಸವನ್ನೂ ಮಾಡುತ್ತಿದ್ದರೇ ಇಲ್ಲವೇ ಎಂಬುದೇ ಎಲ್ಲವನ್ನೂ ನಿರ್ಧರಿಸಿದೆ.

ಫ್ರಾನ್ಸಿನಲ್ಲಿ ಅರಸರ ಕಾಲದಲ್ಲೇ ಚರ್ಚಿನ ಪುಸ್ತಕಕ್ಕೆ ಕಾನೂನಿನ ಮಾನ್ಯತೆಯಿತ್ತು. ಆದ್ದರಿಂದ 1792ರಲ್ಲಿ ಕ್ರಾಂತಿಯ ಸರ್ಕಾರವು ಜನನ-ಮರಣ ನೋಂದಣಿಯನ್ನು ತನ್ನ ಕೈಗೆ ತೆಗೆದುಕೊಂಡಾಗ ಹಳೆಯ ಪುಸ್ತಕಗಳನ್ನೂ ಊರಾಡಳಿತಗಳ ವಶಕ್ಕೆ ಕೊಟ್ಟಿತು. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಆಳ್ವಿಕೆಯ ಕಾಲದಿಂದಲೇ ಪುಸ್ತಕವನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಪದ್ಧತಿ ಬೆಳೆದು 1993ರವರೆಗೂ ನಡೆಯಿತು. ಅಲ್ಲಿನ ಕುಟುಂಬಗಳು ಹತ್ತು-ಹನ್ನೆರಡು ತಲೆಮಾರುಗಳ ಹಿಂದಕ್ಕೆ ಸುಲಭವಾಗಿ ಹೋಗಬಲ್ಲವೆಂದರೆ ಅದಕ್ಕೆ ಈ ಎರಡನೆಯ ಪ್ರತಿಯೇ ಕಾರಣ. ಪೋರ್ಚುಗಲ್‌ನಲ್ಲಿ ಗಣರಾಜ್ಯ ಸ್ಥಾಪನೆಯಾದ ಮರುವರ್ಷವೇ, 1911ರಲ್ಲಿ, ನಾಗರಿಕ ನೋಂದಣಿ ಕಡ್ಡಾಯವಾಯಿತು ಮತ್ತು ಧರ್ಮಕೇಂದ್ರಗಳ ಪುಸ್ತಕಗಳು ಸರ್ಕಾರದ ವಶವಾದವು. ಜನನದ ನಮೂದಿಗೆ 100 ವರ್ಷ, ಮದುವೆಗೆ 50, ಮರಣಕ್ಕೆ 30 ವರ್ಷ ಕಳೆದ ಬಳಿಕ ಅವು ಪತ್ರಾಗಾರಕ್ಕೆ ಹೋಗುತ್ತವೆ. ಮನೆಯಲ್ಲಿ ಕುಳಿತು ಅವುಗಳ ಚಿತ್ರಗಳನ್ನು ನೋಡಲು ಯಾರ ಅನುಮತಿಯೂ ಬೇಕಿಲ್ಲ.

ಪ್ರಭುತ್ವ ಮತ್ತು ಕಥೋಲಿಕ ಧರ್ಮಸಭೆ ಎದುರುಬದುರಾಗಿದ್ದ, ಅಥವಾ ಒಂದಕ್ಕೊಂದು ಸಂಬಂಧವೇ ಇಲ್ಲದಂತಿದ್ದ ಕಡೆಗಳಲ್ಲಿ ಎರಡನೆಯ ಪ್ರತಿ ಹುಟ್ಟಲಿಲ್ಲ. ಪುಸ್ತಕ ಬರೆದ ಕಡೆಯಲ್ಲೇ ಉಳಿಯಿತು. ಇದರ ಅತ್ಯಂತ ಸ್ಪಷ್ಟ ಉದಾಹರಣೆ ಐರ್ಲೆಂಡ್.

ಐರ್ಲೆಂಡ್: ಬೆಂಕಿ, ಬಿಷಪರು ಮತ್ತು ಗ್ರಂಥಾಲಯ

ಕಥೋಲಿಕರ ಮೇಲೆ ನಿರ್ಬಂಧಗಳನ್ನು ಹೇರಿದ್ದ ದಂಡಕಾನೂನುಗಳ ಕಾಲದಲ್ಲಿ ಐರ್ಲೆಂಡ್‌ನ ಧರ್ಮಗುರುಗಳಿಗೆ ಪುಸ್ತಕ ಇಡುವ ಅನುಕೂಲವೇ ಕಡಿಮೆಯಿತ್ತು. ಕೆಲವು ಪಟ್ಟಣಗಳನ್ನು ಬಿಟ್ಟರೆ ಹೆಚ್ಚಿನ ಪುಸ್ತಕಗಳು 18ನೇ ಶತಮಾನದ ಕೊನೆಗೆ ಅಥವಾ 19ನೇ ಶತಮಾನದ ಮೊದಲ ಭಾಗದಲ್ಲಿ ಶುರುವಾಗುತ್ತವೆ. ಪಶ್ಚಿಮದ ಬಡ ಪ್ರದೇಶಗಳಲ್ಲಿ ಇನ್ನೂ ತಡ. ಎಲ್ಲ ಜನರ ಜನನ, ಮದುವೆ, ಮರಣಗಳನ್ನು ಸರ್ಕಾರ ನೋಂದಾಯಿಸತೊಡಗಿದ್ದು 1864ರಲ್ಲಿ. ಈ ನಡುವಿನ ಅವಧಿಯಲ್ಲೇ 1845ರಿಂದ 1852ರ ಮಹಾಕ್ಷಾಮ ಬಂದುಹೋಯಿತು: ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಹಾಗೆ ಹೊರಟುಹೋದವರ ಸಂತತಿ ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್‌ಗಳಲ್ಲಿದೆ. ಅವರ ಪೂರ್ವಜರಲ್ಲಿ ಹೆಚ್ಚಿನವರು ಜಮೀನಿಲ್ಲದವರು, ಉಯಿಲು ಬರೆಯುವಷ್ಟು ಆಸ್ತಿ ಇಲ್ಲದವರು. ಅವರ ಹೆಸರು ಒಂದೇ ಒಂದು ಸಲ ಕಾಗದದ ಮೇಲೆ ಬಂದಿದ್ದರೆ ಅದು ಚರ್ಚಿನ ಪುಸ್ತಕದಲ್ಲಿ.

ಬೇರೆ ದಾಖಲೆಗಳು ಇದ್ದವು, ಆದರೆ ಉಳಿಯಲಿಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಸಂಕೀರ್ಣದಲ್ಲಿದ್ದ ಸಾರ್ವಜನಿಕ ದಾಖಲಾತಿ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮೂಲ ಹಾಳೆಗಳಲ್ಲಿ ಹೆಚ್ಚಿನವು ಬೂದಿಯಾದವು. ಅದಕ್ಕೂ ಮೊದಲು ಪ್ರಾಟೆಸ್ಟಂಟ್ ಚರ್ಚ್ ಆಫ್ ಐರ್ಲೆಂಡ್‌ನ ಪುಸ್ತಕಗಳನ್ನು ಕಾನೂನಿನ ಮೂಲಕ ಸಾರ್ವಜನಿಕ ದಾಖಲೆಗಳೆಂದು ಘೋಷಿಸಲಾಗಿತ್ತು. ಹಾಗಾಗಿ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಕಟ್ಟಡದಲ್ಲಿದ್ದು ಸುಟ್ಟವು. ಕಥೋಲಿಕ ಪುಸ್ತಕಗಳನ್ನು ಪ್ರಭುತ್ವ ಎಂದೂ ತನ್ನವೆಂದು ಎಣಿಸಿರಲಿಲ್ಲ. ಆ ಅಲಕ್ಷ್ಯದಿಂದಲೇ ಅವು ಉಳಿದವು. ಸಾರ್ವಜನಿಕ ಸಂಸ್ಥೆಗೆ ಒಪ್ಪಿಸಿದ್ದೆಲ್ಲ ಸುರಕ್ಷಿತ ಎನ್ನುವವರು ಈ ಪ್ರಕರಣವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಧರ್ಮಗುರುಗಳು ಹೇಗೂ ನೆನಪಿಟ್ಟುಕೊಂಡಿರುತ್ತಾರೆ.

ಪರಿಹಾರ ಬಂದದ್ದು ಮೂಲ ಪುಸ್ತಕಗಳನ್ನು ಕೇಳುವುದರಿಂದಲ್ಲ, ಪ್ರತಿ ತೆಗೆಯುವುದರಿಂದ. 1950ರ ದಶಕದಲ್ಲಿ ಐರ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯವು ಬಿಷಪರ ಒಪ್ಪಿಗೆ ಪಡೆದು ಧರ್ಮಕೇಂದ್ರಗಳ ಪುಸ್ತಕಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿತು. ಹೆಚ್ಚಿನ ಕಡೆ 1880ನ್ನು ಗಡಿಯಾಗಿ ಇಟ್ಟುಕೊಳ್ಳಲಾಯಿತು. ಪುಸ್ತಕ ಧರ್ಮಕೇಂದ್ರದಲ್ಲೇ ಉಳಿಯಿತು, ಪ್ರತಿ ಡಬ್ಲಿನ್‌ಗೆ ಬಂತು. ಇಷ್ಟಾದ ಮೇಲೂ ಹಲವು ದಶಕಗಳ ಕಾಲ ಕೆಲವು ಧರ್ಮಪ್ರಾಂತಗಳ ಸುರುಳಿಗಳನ್ನು ನೋಡಲು ಚರ್ಚಿನ ಅನುಮತಿಪತ್ರ ಬೇಕಾಗುತ್ತಿತ್ತು. ಗ್ರಂಥಾಲಯ ಸರ್ಕಾರದ್ದು, ಸುರುಳಿ ಗ್ರಂಥಾಲಯದ್ದು, ಆದರೆ ನೋಡಬಹುದೋ ಇಲ್ಲವೋ ಎಂದು ಹೇಳುವವರು ಬಿಷಪರು. ಕೊನೆಗೆ 2015ರ ಜುಲೈ 8ರಂದು ಗ್ರಂಥಾಲಯವು 3,70,000ಕ್ಕೂ ಹೆಚ್ಚು ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಾಕಿತು.

ಇದರಿಂದ ಎಲ್ಲರೂ ಸಂತೋಷಪಡಲಿಲ್ಲ. ಬಹುತೇಕ ಕೌಂಟಿಗಳಲ್ಲಿ ಸ್ಥಳೀಯ ಪರಂಪರಾ ಕೇಂದ್ರಗಳು ಧರ್ಮಕೇಂದ್ರಗಳೊಂದಿಗೆ ಒಪ್ಪಂದ ಮಾಡಿಕೊಂಡು, ವರ್ಷಗಟ್ಟಲೆ ಕುಳಿತು ನಮೂದುಗಳನ್ನು ಬರೆದುಕೊಂಡು, ಹುಡುಕಾಟಕ್ಕೆ ಶುಲ್ಕ ಪಡೆಯುತ್ತಿದ್ದವು. ಚಿತ್ರವೇ ಪುಕ್ಕಟೆ ಸಿಕ್ಕರೆ ಶುಲ್ಕ ಕೊಡುವವರು ಯಾರು ಎಂಬ ಪ್ರಶ್ನೆ ಅವುಗಳ ಮುಂದಿತ್ತು. ಗ್ರಂಥಾಲಯದ ಚಿತ್ರಗಳಿಗೆ ಹೆಸರುಗಳ ಸೂಚಿ ಇರಲಿಲ್ಲವಾದ್ದರಿಂದ, ಯಾವ ಧರ್ಮಕೇಂದ್ರವೆಂದು ಮೊದಲೇ ಗೊತ್ತಿಲ್ಲದವರು ಲ್ಯಾಟಿನ್ ಕೈಬರಹದ ಪುಟಗಳನ್ನು ಒಂದೊಂದಾಗಿ ಮಗುಚಬೇಕಿತ್ತು. ಅಷ್ಟರಮಟ್ಟಿಗೆ ಕೇಂದ್ರಗಳ ಸೂಚಿಗೆ ಬೆಲೆ ಉಳಿಯಿತು. ಆದರೆ ಒಂದು ವರ್ಷ ತುಂಬುವ ಮೊದಲೇ, 2016ರಲ್ಲಿ, ಆನ್ಸೆಸ್ಟ್ರಿ ಮತ್ತು ಫೈಂಡ್‌ಮೈಪಾಸ್ಟ್ ಎಂಬ ಎರಡು ಕಂಪನಿಗಳು ಆ ಚಿತ್ರಗಳಿಗೆ ಸೂಚಿ ಸಿದ್ಧಪಡಿಸಿ ಹೊರತಂದವು. ಚಿತ್ರ ಒಮ್ಮೆ ಬಯಲಿಗೆ ಬಂದರೆ ಅದರ ಮೇಲೆ ಸೂಚಿ ಯಾರು ಕಟ್ಟುತ್ತಾರೆ, ಅದನ್ನು ಹೇಗೆ ಬಳಸುತ್ತಾರೆ ಎಂಬುದು ಬಿಷಪರ ಕೈಯಲ್ಲೂ ಇರುವುದಿಲ್ಲ, ಗ್ರಂಥಾಲಯದ ಕೈಯಲ್ಲೂ ಇರುವುದಿಲ್ಲ. ಕೈಬರಹವನ್ನು ಕಂಪ್ಯೂಟರೇ ಓದುವ ಈ ಹೊತ್ತಿನಲ್ಲಿ ಆ ಅಂತರ ಇನ್ನೂ ಕಡಿಮೆಯಾಗಿದೆ. ಚರ್ಚುಗಳ ಹಿಂಜರಿಕೆಗೆ ಇದೂ ಒಂದು ಕಾರಣ.

ಧರ್ಮಸಭೆಯೊಳಗೇ ಎರಡು ದನಿ

ಚರ್ಚುಗಳ ನಿಲುವನ್ನು ಒಂದೇ ಎಂದು ತಿಳಿಯುವುದು ತಪ್ಪು. ಧರ್ಮಸಭೆಯ ಸಾಂಸ್ಕೃತಿಕ ಆಸ್ತಿಗಳ ವ್ಯಾಟಿಕನ್ ಆಯೋಗವು 1997ರಲ್ಲಿ ಚರ್ಚಿನ ಪತ್ರಾಗಾರಗಳ ಬಗ್ಗೆ ಹೊರಡಿಸಿದ ದಾಖಲೆಯು ಹಳೆಯ ಕಡತಗಳನ್ನು ಸಮಾಜಕ್ಕೂ ಸೇರಿದ ಪರಂಪರೆಯೆಂದು ಕಂಡು, ಸಂಶೋಧಕರಿಗೆ ತೆರೆದಿಡುವುದನ್ನು ಪ್ರೋತ್ಸಾಹಿಸುತ್ತದೆ. ಹನ್ನೊಂದು ವರ್ಷಗಳ ನಂತರ, 2008ರಲ್ಲಿ, ವ್ಯಾಟಿಕನ್‌ನದೇ ಧರ್ಮಗುರುಗಳ ವಿಭಾಗವು ಬಿಷಪರಿಗೆ ಪತ್ರ ಬರೆದು, ಮಾರ್ಮನ್ ಸಂಪ್ರದಾಯದ ಯೂಟಾ ವಂಶಾವಳಿ ಸಂಘಕ್ಕೆ ಧರ್ಮಕೇಂದ್ರಗಳ ಪುಸ್ತಕಗಳನ್ನು ಚಿತ್ರೀಕರಿಸಲು ಬಿಡಬಾರದೆಂದು ಸೂಚಿಸಿತು. ಆ ಸಂಪ್ರದಾಯದಲ್ಲಿ ಸತ್ತ ಪೂರ್ವಜರ ಪರವಾಗಿ ದೀಕ್ಷಾಸ್ನಾನ ನೆರವೇರಿಸುವ ಆಚರಣೆಯಿದ್ದು, ಅದಕ್ಕೆ ಚರ್ಚಿನ ಪುಸ್ತಕಗಳ ಹೆಸರುಗಳು ಬಳಕೆಯಾಗುವುದನ್ನು ವ್ಯಾಟಿಕನ್ ಒಪ್ಪಲಿಲ್ಲ. ಇದರ ಲೌಕಿಕ ಪರಿಣಾಮ ದೊಡ್ಡದು. ಜಗತ್ತಿನ ಮೂಲೆ ಮೂಲೆಗೆ ಹೋಗಿ, ಸ್ವಂತ ಖರ್ಚಿನಲ್ಲಿ, ಮೈಕ್ರೋಫಿಲ್ಮ್ ಮಾಡಿ ಒಂದು ಪ್ರತಿಯನ್ನು ಚರ್ಚಿಗೂ ಕೊಡುತ್ತಿದ್ದ ಸಂಸ್ಥೆ ಅದೊಂದೇ ಎನ್ನಬಹುದು. ಅದಕ್ಕೆ ಬಾಗಿಲು ಮುಚ್ಚಿದ ಮೇಲೆ ಬಡ ಧರ್ಮಪ್ರಾಂತಗಳಲ್ಲಿ ಪ್ರತಿ ತೆಗೆಯುವ ಕೆಲಸಕ್ಕೆ ಹಣ ಹಾಕುವವರು ವಿರಳವಾದರು.

ಕಾನೂನು ಸಂಹಿತೆಯ ಮಾತು ಇವೆರಡರ ನಡುವೆ ಇದೆ. ಅದರ 487ನೇ ವಿಧಿಯ ಪ್ರಕಾರ, ಸ್ವಭಾವತಃ ಸಾರ್ವಜನಿಕವಾದ ಮತ್ತು ತಮ್ಮ ವೈಯಕ್ತಿಕ ಸ್ಥಿತಿಗೆ ಸಂಬಂಧಿಸಿದ ದಾಖಲೆಯ ಪ್ರತಿಯನ್ನು ಪಡೆಯುವುದು ಸಂಬಂಧಪಟ್ಟವರ ಹಕ್ಕು. ತಮ್ಮದೇ ದೀಕ್ಷಾಸ್ನಾನದ ಪ್ರಮಾಣಪತ್ರ ಇದರಡಿ ಸಿಗುತ್ತದೆ. ಅಜ್ಜನ ಅಜ್ಜಿಯ ನಮೂದಿಗೆ ಈ ಹಕ್ಕು ಚಾಚುವುದಿಲ್ಲ. ಐತಿಹಾಸಿಕ ಪತ್ರಾಗಾರದ ಬಳಕೆಗೆ ಬಿಷಪರು ನಿಯಮ ಮಾಡಬೇಕೆಂದು 491ನೇ ವಿಧಿ ಹೇಳುತ್ತದೆ. ಎಂದರೆ ಧರ್ಮಪ್ರಾಂತದಿಂದ ಧರ್ಮಪ್ರಾಂತಕ್ಕೆ, ಕೆಲವೊಮ್ಮೆ ಒಬ್ಬ ಧರ್ಮಗುರುವಿನಿಂದ ಅವರ ನಂತರ ಬಂದವರಿಗೆ, ಪದ್ಧತಿ ಬದಲಾಗುತ್ತದೆ. ಒಂದೇ ಕೋರಿಕೆಗೆ ಒಂದು ಕಡೆ ವಾರದೊಳಗೆ ಉತ್ತರ ಬಂದು, ಇನ್ನೊಂದು ಕಡೆ ಏನೂ ಬಾರದಿರುವುದಕ್ಕೆ ಕಾರಣ ಇದೇ ಹೊರತು ದತ್ತಾಂಶ ಕಾನೂನಲ್ಲ. ಕಚೇರಿಯಲ್ಲಿ ಒಬ್ಬರೇ ಕೆಲಸಕ್ಕಿರುವ ಧರ್ಮಕೇಂದ್ರಕ್ಕೆ ಮೂರು ಖಂಡಗಳಿಂದ ಕೋರಿಕೆ ಬರುತ್ತಿದ್ದರೆ ಉತ್ತರಿಸುವ ಸಮಯ ಎಲ್ಲಿಂದ ಬರಬೇಕು ಎಂಬುದೂ ನ್ಯಾಯವಾದ ಪ್ರಶ್ನೆಯೇ.

ಅಳಿಸುವ ಹಕ್ಕು ಯಾರದ್ದು?

ಯುರೋಪಿನ ದತ್ತಾಂಶ ರಕ್ಷಣಾ ನಿಯಮಾವಳಿ 2018ರಿಂದ ಜಾರಿಯಲ್ಲಿದೆ. ಅದು ಸತ್ತವರ ಮಾಹಿತಿಗೆ ಅನ್ವಯಿಸುವುದಿಲ್ಲವೆಂದು ಅದರ ಪೀಠಿಕೆಯೇ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ 1850ರ ದೀಕ್ಷಾಸ್ನಾನದ ಪುಟಕ್ಕೂ ಘೆಂಟ್‌ನ ವ್ಯಾಜ್ಯಕ್ಕೂ ನೇರ ಸಂಬಂಧವಿಲ್ಲ. ಅಲ್ಲಿ ಪ್ರಶ್ನೆಯಿರುವುದು ಬದುಕಿರುವ ವ್ಯಕ್ತಿಯ ಧಾರ್ಮಿಕ ಗುರುತಿನದ್ದು. ಸಭೆಯನ್ನು ಬಿಟ್ಟವರ ವಾದ ಸರಳವಾಗಿದೆ: ನಮ್ಮ ಒಪ್ಪಿಗೆ ಕೇಳದೆ ಶೈಶವದಲ್ಲಿ ಬರೆದ ಹೆಸರನ್ನು, ಈಗ ಒಪ್ಪಿಗೆಯಿಲ್ಲವೆಂದು ಹೇಳಿದ ಮೇಲೂ ಏಕೆ ಇಟ್ಟುಕೊಳ್ಳಬೇಕು? ಧರ್ಮಸಭೆಯ ಉತ್ತರ: ಇದು ಸದಸ್ಯರ ಪಟ್ಟಿಯಲ್ಲ, ನಡೆದ ಘಟನೆಯೊಂದರ ದಾಖಲೆ, ದೀಕ್ಷಾಸ್ನಾನ ಒಬ್ಬರಿಗೆ ಒಂದೇ ಸಲ ಸಲ್ಲುವುದರಿಂದ, ಅದು ಆಗಿದೆಯೆಂಬುದು ಎಲ್ಲಾದರೂ ಬರೆದಿರಲೇಬೇಕು. ಸ್ಪೇನಿನ ಸರ್ವೋಚ್ಚ ನ್ಯಾಯಾಲಯವು 2008ರಲ್ಲೇ, ಈಗಿನ ನಿಯಮಾವಳಿಗೆ ಮುಂಚಿನ ಕಾನೂನಿನಡಿ, ಈ ಪುಸ್ತಕಗಳು ದತ್ತಾಂಶ ಕಡತದ ವ್ಯಾಖ್ಯೆಗೇ ಬರುವುದಿಲ್ಲವೆಂದಿತ್ತು. ಡಬ್ಲಿನ್ ಮತ್ತು ಪ್ಯಾರಿಸ್‌ನ ತೀರ್ಮಾನಗಳು ಬೇರೆ ದಾರಿಯಲ್ಲಿ ನಡೆದು ಹತ್ತಿರದ ಜಾಗಕ್ಕೇ ತಲುಪಿದವು. ಬೆಲ್ಜಿಯಂ ಮಾತ್ರ ಹೊರಳಿ ನಿಂತಿತು.

ಪರೋಕ್ಷ ಸಂಬಂಧ ಒಂದಿದೆ. ಬೆಲ್ಜಿಯಂನ ದಾರಿ ಎಲ್ಲೆಡೆ ಒಪ್ಪಿತವಾದರೆ ಇಂದು ಮಸಿ ಬಳಿದ ನಮೂದು ನೂರು ವರ್ಷಗಳ ನಂತರದ ಓದುಗರಿಗೂ ಇಲ್ಲವಾಗುತ್ತದೆ. ಫ್ರಾನ್ಸಿನ ದಾರಿ ಹಿಡಿದರೆ ಅಂಚಿನ ಟಿಪ್ಪಣಿಯೇ ಮುಂದಿನ ತಲೆಮಾರಿಗೆ ಒಂದು ಸಂಗತಿಯನ್ನು ಹೇಳುತ್ತದೆ. ಬದುಕಿರುವವರ ಮನಸ್ಸಾಕ್ಷಿಯನ್ನು ಗೌರವಿಸಿಯೂ ಪುಟವನ್ನು ಉಳಿಸುವ ಕಾರಣಕ್ಕೆ ಫ್ರಾನ್ಸಿನ ದಾರಿ ಹೆಚ್ಚು ಸಮಂಜಸವೆಂದು ತೋರುತ್ತದೆ.

ಇದೇ ಪುಸ್ತಕಗಳ ಮೇಲೆ ಬದುಕಿರುವವರ ಇನ್ನೊಂದು ಗುಂಪಿನ ಬೇಡಿಕೆ ತದ್ವಿರುದ್ಧವಾದದ್ದು. ಐರ್ಲೆಂಡ್‌ನಲ್ಲಿ ಮದುವೆಯಾಗದ ತಾಯಂದಿರಿಂದ ಬೇರ್ಪಡಿಸಿ ದತ್ತು ಕೊಟ್ಟ ಮಕ್ಕಳಿಗೆ, ಸರ್ಕಾರಿ ನೋಂದಣಿಯಲ್ಲೇ ಸುಳ್ಳು ಹೆಸರು ಬರೆಸಿದ ಪ್ರಕರಣಗಳಲ್ಲಿ, ಚರ್ಚಿನ ಕಡತದ ಒಂದು ಸಾಲು ಹುಟ್ಟಿನ ಸುಳಿವು ಕೊಡಬಲ್ಲದು. ಅಲ್ಲಿನ 2022ರ ಜನನ ಮಾಹಿತಿ ಮತ್ತು ಪತ್ತೆ ಕಾಯ್ದೆ ಇಂಥವರಿಗೆ ತಮ್ಮ ಹುಟ್ಟಿನ ಮಾಹಿತಿಯನ್ನು ಪಡೆಯುವ ಹಕ್ಕನ್ನು ಕೊಟ್ಟಿತು. ಖಾಸಗಿತನ ಎಂದೊಡನೆ ಪುಸ್ತಕ ಮುಚ್ಚುವುದೇ ಎಲ್ಲರ ಹಿತವೆಂದು ಹೇಳಲಾಗದು.

ಮಂಗಳೂರು ಮತ್ತು ಗೋವಾ

ಕರ್ನಾಟಕದ ಕರಾವಳಿಯ ಕಥೋಲಿಕ ಕುಟುಂಬಗಳು ಮೂಲ ಹುಡುಕುತ್ತ ಹೊರಟಾಗ ಮೇಲೆ ಹೇಳಿದ ಎರಡೂ ಬಗೆಯ ವ್ಯವಸ್ಥೆಗಳನ್ನು ದಾಟಬೇಕಾಗುತ್ತದೆ. ಅವರಲ್ಲಿ ಬಹುಪಾಲು ಮನೆತನಗಳು 16ರಿಂದ 18ನೇ ಶತಮಾನದ ನಡುವೆ ಗೋವಾದಿಂದ ತೆಂಕಣಕ್ಕೆ ಬಂದವು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದು ಚರ್ಚುಗಳನ್ನು ಕೆಡವಲಾಯಿತು. ಉಳಿದವರು ಊರಿಗೆ ಮರಳಲು ಸಾಧ್ಯವಾದದ್ದು 1799ರಲ್ಲಿ ಪಟ್ಟಣ ಬಿದ್ದ ಮೇಲೆ. ಹೀಗಾಗಿ ಹೆಚ್ಚಿನ ಕುಟುಂಬಗಳ ಹುಡುಕಾಟ ಕರಾವಳಿಯ ಪುಸ್ತಕಗಳಲ್ಲಿ 19ನೇ ಶತಮಾನದ ಆರಂಭಕ್ಕೆ ಬಂದು ನಿಲ್ಲುತ್ತದೆ. ಅದರಾಚೆಗೆ ಹೋಗಬೇಕಾದರೆ ಗೋವಾದ ಊರಿನ ಹೆಸರು, ಮತಾಂತರಕ್ಕೆ ಮೊದಲಿನ ಪ್ರಭು, ಕಾಮತ್, ಶೆಣೈ ಮುಂತಾದ ಮನೆತನದ ಹೆಸರಿನ ನೆನಪು ಬೇಕು. ಡಿಸೋಜ, ಪಿಂಟೊ, ಲೋಬೊ ಎಂಬ ಹೆಸರುಗಳಷ್ಟೇ ಕೈಯಲ್ಲಿದ್ದರೆ ಪುಸ್ತಕದ ತುಂಬ ಅದೇ ಹೆಸರಿನವರು ಸಿಗುತ್ತಾರೆ.

ಗೋವಾದಲ್ಲಿ ಪೋರ್ಚುಗೀಸರ ನಾಗರಿಕ ನೋಂದಣಿ 1914ರಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಕಥೋಲಿಕರ ಮಟ್ಟಿಗೆ ಚರ್ಚಿನ ಪುಸ್ತಕವೇ ಅಧಿಕೃತ ದಾಖಲೆಯಾಗಿತ್ತು. ಪ್ರಭುತ್ವದ ಕೆಲಸ ಮಾಡಿದ ಪುಸ್ತಕವಾದ್ದರಿಂದ ಅಲ್ಲಿನ ಹಲವು ಧರ್ಮಕೇಂದ್ರಗಳ ಹಳೆಯ ಸಂಪುಟಗಳು ಪಣಜಿಯ ಸರ್ಕಾರಿ ಪತ್ರಾಗಾರ ಸೇರಿದವು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಂಗಳೂರಿನಲ್ಲಿ ಕಥೋಲಿಕ ಧರ್ಮಗುರು ಸರ್ಕಾರದ ನೋಂದಣಾಧಿಕಾರಿಯಾಗಿರಲಿಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಮಾತ್ರ ಮದುವೆಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕಳುಹಿಸಲು ಹೇಳಿತು. ದೀಕ್ಷಾಸ್ನಾನ ಮತ್ತು ಮರಣದ ಪುಸ್ತಕಗಳು ಆಯಾ ಚರ್ಚಿನಲ್ಲೇ ಉಳಿದವು. ಐರ್ಲೆಂಡ್‌ನಂತೆ ಒಂದು ಸಾರ್ವಜನಿಕ ಗ್ರಂಥಾಲಯ ಅವೆಲ್ಲದರ ಪ್ರತಿ ತೆಗೆದು ಎಲ್ಲರಿಗೂ ತೆರೆದಿಟ್ಟ ಏರ್ಪಾಡು ಇಲ್ಲಿ ಆಗಿಲ್ಲ. ಮುಂಬೈ, ಕೊಲ್ಲಿ ರಾಷ್ಟ್ರಗಳು, ಕೆನಡಾಗಳಲ್ಲಿ ನೆಲೆಸಿದ ಮಂಗಳೂರಿನವರು ಇಂದಿಗೂ ಹಿರಿಯರ ಊರಿನ ವಿಗಾರರಿಗೆ (ಚರ್ಚಿನ ಮುಖ್ಯ ಧರ್ಮಗುರು) ಪತ್ರ ಬರೆಯಬೇಕು, ಇಲ್ಲವೇ ರಜೆಯಲ್ಲಿ ಬಂದಾಗ ಕಚೇರಿಯ ಮುಂದೆ ಕಾಯಬೇಕು.

ಭಾರತದ ಹೊಸ ಕಾನೂನು ಮತ್ತು ಮುಂದಿನ ದಿನಗಳು

ಭಾರತದ 2023ರ ಕಾಯ್ದೆ ಡಿಜಿಟಲ್ ರೂಪದಲ್ಲಿ ಸಂಗ್ರಹಿಸಿದ, ಅಥವಾ ಕಾಗದದಲ್ಲಿದ್ದು ಆಮೇಲೆ ಡಿಜಿಟಲ್ ಆದ ವೈಯಕ್ತಿಕ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ. ಕಪಾಟಿನಲ್ಲಿರುವ ಪುಸ್ತಕ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನೇ ಸ್ಕ್ಯಾನ್ ಮಾಡಿದರೆ ಬರುತ್ತದೆ. ಹಾಳಾಗುತ್ತಿರುವ ಪುಟಗಳನ್ನು ಉಳಿಸಲು ಮುಂದಾಗುವ ಧರ್ಮಕೇಂದ್ರದ ಮೇಲೆ ಹೊಣೆ ಹೆಚ್ಚುತ್ತದೆ, ಸುಮ್ಮನಿರುವ ಧರ್ಮಕೇಂದ್ರಕ್ಕೆ ಏನೂ ಇಲ್ಲ ಎಂಬ ವಿಚಿತ್ರ ಸ್ಥಿತಿ ಇದು. ಸಂಶೋಧನೆ ಮತ್ತು ಪತ್ರಾಗಾರದ ಉದ್ದೇಶಕ್ಕೆ, ಅದರಿಂದ ಯಾವುದೇ ವ್ಯಕ್ತಿಯ ಕುರಿತು ನಿರ್ದಿಷ್ಟ ತೀರ್ಮಾನ ಕೈಗೊಳ್ಳದಿದ್ದಲ್ಲಿ ಮತ್ತು ನಿಗದಿತ ಮಾನದಂಡ ಪಾಲಿಸಿದಲ್ಲಿ, ಕಾಯ್ದೆಯ 17ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಹಳೆಯ ಪುಸ್ತಕಗಳ ಪ್ರತಿ ತೆಗೆಯುವವರಿಗೆ ಈ ವಿನಾಯಿತಿಯೇ ಆಧಾರ. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ನಿಯಮಗಳು 18 ತಿಂಗಳ ಕಾಲಾವಕಾಶ ನೀಡಿರುವುದರಿಂದ, ಪದ್ಧತಿಯೊಂದನ್ನು ಬರೆದಿಟ್ಟುಕೊಳ್ಳಲು 2027ರ ಮಧ್ಯದವರೆಗೆ ಸಮಯವಿದೆ.

ಆ ಪದ್ಧತಿಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ವರ್ಷದ ಗಡಿ. ಗಡಿಯಿಲ್ಲದಿದ್ದರೆ ಬದುಕಿರುವವರ ವಿಷಯದ ನ್ಯಾಯವಾದ ಆತಂಕವು 1830ರ ಪುಟವನ್ನೂ ಮುಚ್ಚಿಬಿಡುತ್ತದೆ. ಪೋರ್ಚುಗಲ್‌ನ 100-50-30 ಮತ್ತು ಐರ್ಲೆಂಡ್‌ನ 1880 ಎಂಬ ಎರಡು ಮಾದರಿಗಳಲ್ಲಿ ಮೊದಲನೆಯದು ಮೇಲು, ಏಕೆಂದರೆ ಅದು ವರ್ಷ ಕಳೆದಂತೆ ತಾನೇ ಮುಂದೆ ಸರಿಯುತ್ತದೆ. ಎರಡನೆಯದು ಎಪ್ಪತ್ತು ವರ್ಷ ಕಳೆದರೂ ನಿಂತಲ್ಲೇ ನಿಂತಿದೆ. ಎರಡನೆಯ ತೀರ್ಮಾನ ಪ್ರತಿಯನ್ನು ಯಾರಿಗೆ ಕೊಡಬೇಕೆಂಬುದು. ಖಾಸಗಿ ಕಂಪನಿಯೊಂದಿಗಿನ ಒಪ್ಪಂದದಿಂದ ಧರ್ಮಪ್ರಾಂತದ ಖರ್ಚು ಉಳಿಯಬಹುದು, ಆದರೆ ತಮ್ಮದೇ ಹಿರಿಯರ ಹೆಸರನ್ನು ನೋಡಲು ಆ ಕುಟುಂಬದವರೇ ಚಂದಾ ಕಟ್ಟಬೇಕಾಗುತ್ತದೆ. ಮಾಲೀಕತ್ವ ಚರ್ಚಿನದ್ದಾಗಿಯೇ ಉಳಿದು, ಪ್ರತಿ ಮಾತ್ರ ಸಾರ್ವಜನಿಕ ಪತ್ರಾಗಾರ ಅಥವಾ ವಿಶ್ವವಿದ್ಯಾಲಯದಲ್ಲಿರುವ ಡಬ್ಲಿನ್‌ನ ಏರ್ಪಾಡಿನಲ್ಲಿ ಆ ತೊಡಕಿಲ್ಲ.

ಕಾಯುವುದಕ್ಕೂ ಒಂದು ಬೆಲೆಯಿದೆ. ಇದುವರೆಗೆ ವಯಸ್ಸಿನ ಆಧಾರವಾಗಿ, ಮದುವೆಯ ಸಾಕ್ಷ್ಯವಾಗಿ ದಿನಬಳಕೆಗೆ ಬೇಕಾಗುತ್ತಿದ್ದುದರಿಂದ ಹಳೆಯ ಪುಸ್ತಕಗಳಿಗೂ ಕಚೇರಿಯಲ್ಲಿ ಒಂದು ಜಾಗವಿತ್ತು. ಜನನ-ಮರಣ ನೋಂದಣಿ ಕಾಯ್ದೆಗೆ ಮಾಡಿದ ತಿದ್ದುಪಡಿಯಂತೆ 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಸರ್ಕಾರಿ ಜನನ ಪ್ರಮಾಣಪತ್ರವೇ ಆಧಾರ. ದೀಕ್ಷಾಸ್ನಾನದ ಪುಸ್ತಕವನ್ನು ಲೌಕಿಕ ಕೆಲಸಕ್ಕೆ ತೆರೆಯುವ ಸಂದರ್ಭಗಳು ಇನ್ನು ಕಡಿಮೆಯಾಗುತ್ತ ಹೋಗುತ್ತವೆ. ಕರಾವಳಿಯ ತೇವದಲ್ಲಿ, ಗೆದ್ದಲಿನ ಊರಿನಲ್ಲಿ, ತೆರೆಯದ ಪುಸ್ತಕ ಬಹಳ ಕಾಲ ಬಾಳುವುದಿಲ್ಲ. 1922ರ ಬೆಂಕಿಯಲ್ಲಿ ಪೂರ್ತಿಯಾಗಿ ಹೋದದ್ದು ಎರಡನೆಯ ಪ್ರತಿಯಿಲ್ಲದ ದಾಖಲೆಗಳು; ಕರಾವಳಿಯ ಹೆಚ್ಚಿನ ದೀಕ್ಷಾಸ್ನಾನದ ಪುಸ್ತಕಗಳನ್ನು ಬರೆದದ್ದೂ ಒಂದೇ ಪ್ರತಿಯಲ್ಲಿ.